ಇಲ್ಲದ ಚಿಪ್ ಮಾಡಿದ ಕೆಲಸ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲೋ ಚೆನ್ನೈನ ರಿಚಿ ಸ್ಟ್ರೀಟಿನಲ್ಲೋ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗೆ ಹೋಗಿ ‘ಯುಎಸ್‌ಬಿ ಎಎಸ್‌ಪಿ’ ಕೇಳಿದರೆ ಬೆರಳುದ್ದದ ಒಂದು ಬೋರ್ಡ್ ಕೈಗೆ ಕೊಡುತ್ತಾರೆ. ಒಂದು ತುದಿಯನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯಿಂದ ಮೈಕ್ರೋಕಂಟ್ರೋಲರ್ ಒಳಗೆ ಪ್ರೋಗ್ರಾಮ್ ಇಳಿಸುವ ಸಾಧನ ಅದು. ಥಾಮಸ್ ಫಿಶ್ಲ್ ಎಂಬವರ ವಿನ್ಯಾಸ. ಯಾರು ಬೇಕಾದರೂ ಮಾಡಿ ಮಾರಬಹುದಾದ್ದರಿಂದ ಎಲ್ಲ ಕಡೆ ಸಿಗುತ್ತದೆ. ಅದರ ಮೇಲೆ ಕೂತಿರುವುದು ಎಟಿಮೆಗಾ8 ಎಂಬ ಸಾಧಾರಣ ಚಿಪ್. ವಿಚಿತ್ರವೆಂದರೆ ಆ ಚಿಪ್ಪಿಗೆ ಯುಎಸ್‌ಬಿ ಎಂದರೆ ಏನೆಂದೇ ಗೊತ್ತಿಲ್ಲ. ಯುಎಸ್‌ಬಿ ಮಾತಾಡುವ ಸರ್ಕೀಟನ್ನು ಅದರ ತಯಾರಕರು ಅದರೊಳಗೆ ಇಟ್ಟೇ ಇಲ್ಲ. ಆದರೂ ಕಂಪ್ಯೂಟರ್ ಅದನ್ನು ಯುಎಸ್‌ಬಿ ಸಾಧನವೆಂದೇ ನಂಬಿ ವ್ಯವಹರಿಸುತ್ತದೆ.

ಹಾರ್ಡ್‌ವೇರ್ ಮಾಡಬೇಕಾದ ಕೆಲಸವನ್ನು ಸಾಫ್ಟ್‌ವೇರ್ ವೇಷ ಕಟ್ಟಿ ಮಾಡುವ ಈ ವಿದ್ಯೆಗೆ ಎಂಜಿನಿಯರುಗಳು ಬಿಟ್-ಬ್ಯಾಂಗಿಂಗ್ ಎನ್ನುತ್ತಾರೆ. ಅನುವಾದವೇ ಕಸುಬಾಗಿರುವ ನನಗೂ ಈ ಪದ ಕನ್ನಡಕ್ಕೆ ಒಗ್ಗಿ ಬಂದಿಲ್ಲ. ‘ಬಿಟ್ ಬಡಿತ’ ಎಂದರೆ ಜಗಳದ ವರದಿಯಂತೆ ಕೇಳುತ್ತದೆ. ಹಾಗಾಗಿ ಇಲ್ಲಿ ‘ವೇಷ’ ಎಂದೇ ಕರೆಯುತ್ತೇನೆ. ಈ ವೇಷದ ಚರಿತ್ರೆಯನ್ನು ಸಾಮಾನ್ಯವಾಗಿ ಜಾಣತನದ ಕಥೆಯಾಗಿ ಹೇಳುತ್ತಾರೆ: ಒಂದು ಚಿಪ್ ಉಳಿಸಿದರು, ಎಷ್ಟು ಬುದ್ಧಿವಂತರು ಎಂದು. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಲೆಕ್ಕದ ಇನ್ನೊಂದು ಬದಿ. ಉಳಿಸಿದ ಚಿಪ್ಪಿನ ಬೆಲೆಯನ್ನು ಕೊನೆಗೆ ಯಾರೋ ಕೊಟ್ಟೇ ಇರುತ್ತಾರೆ. ಹಣದ ರೂಪದಲ್ಲಲ್ಲ, ಸಮಯದ ರೂಪದಲ್ಲಿ.

ಇದು ಅರ್ಥವಾಗಬೇಕಾದರೆ ಕಂಪ್ಯೂಟರಿಗಿಂತ ಹಿಂದೆ, ಟೆಲಿಪ್ರಿಂಟರ್ ಕಾಲಕ್ಕೆ ಹೋಗಬೇಕು. ಒಂದೇ ತಂತಿಯ ಮೇಲೆ ಅಕ್ಷರ ಕಳಿಸುವುದು ಹೇಗೆ? ಒಂದು ಅಕ್ಷರಕ್ಕೆ ಐದೋ ಏಳೋ ಎಂಟೋ ಬಿಟ್. ಅವನ್ನು ಒಂದರ ಹಿಂದೆ ಒಂದರಂತೆ ಕಳಿಸಬೇಕು. ‘ಸೀರಿಯಲ್’ ಎಂದರೆ ಅಷ್ಟೇ. ತೊಂದರೆ ಇರುವುದು ಕೇಳುವವನ ಬದಿಯಲ್ಲಿ. ಒಂದು ಬಿಟ್ ಮುಗಿದು ಇನ್ನೊಂದು ಯಾವಾಗ ಶುರುವಾಯಿತು ಎಂದು ಅವನಿಗೆ ತಿಳಿಯುವುದು ಹೇಗೆ? ಎರಡೂ ಊರಿನ ಯಂತ್ರಗಳು ಇಡೀ ದಿನ ಒಂದೇ ಲಯದಲ್ಲಿ ಸುತ್ತಬೇಕೆಂದರೆ ಅದು ಆಗದ ಮಾತು. 1910ರ ಸುಮಾರಿಗೆ ಶಿಕಾಗೊದಲ್ಲಿ ಚಾರ್ಲ್ಸ್ ಕ್ರಮ್ ಮತ್ತು ಅವರ ಮಗ ಹೋವರ್ಡ್ ಕ್ರಮ್ ಇದಕ್ಕೆ ಒಂದು ಉತ್ತರ ಕಂಡುಕೊಂಡರು. ಅವರಿಗೆ ಹಣ ಹಾಕಿದವರು ಉಪ್ಪಿನ ವ್ಯಾಪಾರಿ ಜಾಯ್ ಮಾರ್ಟನ್. ಮಾರ್ಟನ್ ಮತ್ತು ಕ್ರಮ್ ಸೇರಿ ಕಂಪನಿಯ ಹೆಸರು ಮಾರ್‌ಕ್ರಮ್ ಆಯಿತು. ಮುಂದೆ ಟೆಲಿಟೈಪ್ ಕಂಪನಿಯಾಗಿ ಬೆಳೆದದ್ದು ಇದೇ.

ಉತ್ತರ ಬಹಳ ಸರಳ. ಇಡೀ ದಿನ ಲಯ ಹಿಡಿಯಬೇಡಿ, ಒಂದು ಅಕ್ಷರ ಮುಗಿಯುವವರೆಗೆ ಮಾತ್ರ ಹಿಡಿಯಿರಿ. ಸುಮ್ಮನಿರುವಾಗ ತಂತಿಯಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಅಕ್ಷರ ಬರುವ ಮೊದಲು ಅದು ಒಮ್ಮೆ ಕಡಿಯುತ್ತದೆ. ಇದು ಸ್ಟಾರ್ಟ್ ಬಿಟ್. ಕೂಡಲೇ ಕೇಳುವ ಯಂತ್ರದ ಕ್ಲಚ್ ಬಿಡುಗಡೆಯಾಗಿ ದಂಡ ಒಂದು ಸುತ್ತು ತಿರುಗುತ್ತದೆ. ತಿರುಗುತ್ತ ತಿರುಗುತ್ತ ಗೊತ್ತಾದ ಜಾಗಗಳಲ್ಲಿ ತಂತಿಯನ್ನು ಮುಟ್ಟಿ ನೋಡುತ್ತದೆ. ಸುತ್ತು ಮುಗಿದಾಗ ಸ್ಟಾಪ್ ಬಿಟ್, ಅಂದರೆ ಯಂತ್ರಕ್ಕೆ ಉಸಿರು ತೆಗೆದುಕೊಳ್ಳಲು ಬಿಡುವು. ಮುಂದಿನ ಅಕ್ಷರಕ್ಕೆ ಮತ್ತೆ ಹೊಸದಾಗಿ ಶುರು. ಎರಡು ಯಂತ್ರಗಳ ವೇಗ ಶೇಕಡಾ ಎರಡರಷ್ಟು ಆಚೀಚೆ ಇದ್ದರೂ ನಡೆಯುತ್ತದೆ, ಏಕೆಂದರೆ ಹತ್ತು ಬಿಟ್ ದಾಟುವಷ್ಟರಲ್ಲಿ ತಪ್ಪು ಅರ್ಧ ಬಿಟ್ಟಿನಷ್ಟೂ ಬೆಳೆಯುವುದಿಲ್ಲ. ನಮ್ಮ ದೇಶದಲ್ಲೂ ದಶಕಗಟ್ಟಲೆ ಸುದ್ದಿಮನೆ, ತಾರಾ ಕಚೇರಿಗಳಲ್ಲಿ ಟಕಟಕ ಎಂದ ಯಂತ್ರಗಳು ಇದೇ ಉಪಾಯದಿಂದ ಓಡಿದವು. 1960ರಲ್ಲಿ ಹುಟ್ಟಿದ ಚೆನ್ನೈನ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಅವನ್ನು ಇಲ್ಲೇ ತಯಾರಿಸುತ್ತಿತ್ತು.

ಛಂದಸ್ಸು ಓದಿದವರಿಗೆ ಇದು ಹೊಸತಲ್ಲ. ಹಾಡುವವರೂ ಕೇಳುವವರೂ ಗಡಿಯಾರ ನೋಡಿ ಕೂತಿರುವುದಿಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬ ಒಪ್ಪಂದ ಮಾತ್ರ ಇರುತ್ತದೆ. ಸಾಲಿನ ಮೊದಲಿಗೆ ಇಬ್ಬರೂ ಒಟ್ಟಿಗೆ ಹೊರಟರೆ ಸಾಕು.

ಕಂಪ್ಯೂಟರ್ ಬಂದಾಗ ಈ ಟೆಲಿಟೈಪನ್ನೇ ಅದಕ್ಕೆ ಜೋಡಿಸಿದರು, ಏಕೆಂದರೆ ಅಗ್ಗವಾಗಿ ಸಿಗುತ್ತಿದ್ದ ಕೀಲಿಮಣೆ, ಮುದ್ರಕ ಎರಡೂ ಅದೇ. 1960ರ ದಶಕದ ಪ್ರಸಿದ್ಧ ಮಾಡೆಲ್ 33 ಟೆಲಿಟೈಪಿನ ವೇಗ ಸೆಕೆಂಡಿಗೆ 110 ಬಿಟ್. ಅಕ್ಷರಕ್ಕೆ 11 ಬಿಟ್, ಸೆಕೆಂಡಿಗೆ 10 ಅಕ್ಷರ. ಅಂದರೆ ಒಂದು ಬಿಟ್ ಸುಮಾರು 9 ಮಿಲಿಸೆಕೆಂಡ್. ಅಮೆರಿಕದ ಡಿಇಸಿ ಕಂಪನಿಯಲ್ಲಿ ಗಾರ್ಡನ್ ಬೆಲ್ ತಮ್ಮ ಮೊದಲ ಕಂಪ್ಯೂಟರ್ ಪಿಡಿಪಿ-1ಕ್ಕೆ ಇಂಥ ತಂತಿಗಳನ್ನು ಜೋಡಿಸುವ ಸರ್ಕೀಟ್ ರೂಪಿಸಿದ್ದರು. ಐಟಿಟಿ ಕಂಪನಿ ಆ ಯಂತ್ರಗಳನ್ನು ತಂತಿ ಸಂದೇಶಗಳ ವಿಲೇವಾರಿಗೆ ಬಳಸುವುದಿತ್ತು. ಬಿಡಿ ಟ್ರಾನ್ಸಿಸ್ಟರುಗಳಿಂದ ಕಟ್ಟಿದ ಆ ಸರ್ಕೀಟ್ ಒಂದೊಂದು ತಂತಿಗೂ ಒಂದೊಂದು ಬೇಕು. ತಂತಿ ಹೆಚ್ಚಿದಷ್ಟೂ ಖರ್ಚು.

ನನಗೆ ತಿಳಿದ ಮಟ್ಟಿಗೆ ವೇಷದ ದೊಡ್ಡ ಪ್ರವೇಶ ಇಲ್ಲಿಯೇ. 1965ರ ಪಿಡಿಪಿ-8 ಕಂಪ್ಯೂಟರಿನ ಬೆಲೆ 18,000 ಡಾಲರ್, ಒಂದು ಮೆಮೊರಿ ಸುತ್ತಿಗೆ ಒಂದೂವರೆ ಮೈಕ್ರೋಸೆಕೆಂಡ್. ಟೆಲಿಟೈಪ್ ಒಂದು ಬಿಟ್ ಕಳಿಸುವಷ್ಟರಲ್ಲಿ ಅದು ಆರು ಸಾವಿರ ಸುತ್ತು ಮುಗಿಸಿರುತ್ತದೆ. ಇಷ್ಟು ಪುರುಸೊತ್ತು ಇರುವಾಗ ಒಂದೊಂದು ತಂತಿಗೂ ಸರ್ಕೀಟ್ ಏಕೆ? ಡಿಇಸಿಯವರು ‘680’ ಎಂಬ ಸಂಪರ್ಕ ವ್ಯವಸ್ಥೆ ಕಟ್ಟಿದಾಗ, ಹತ್ತಾರು ತಂತಿಗಳ ಮೇಲೆ ಸರದಿಯಂತೆ ಕಣ್ಣಾಡಿಸಿ ಬಿಟ್ ಹೆಕ್ಕಿ ಅಕ್ಷರ ಜೋಡಿಸುವ ಕೆಲಸವನ್ನು ಪ್ರೋಗ್ರಾಮಿಗೇ ವಹಿಸಿದರು. ಇಲ್ಲಿ ಲೆಕ್ಕ ಪ್ರಾಮಾಣಿಕವಾಗಿತ್ತು. ಆ ಕಂಪ್ಯೂಟರಿಗೆ ಬೇರೆ ಕೆಲಸವೇ ಇರಲಿಲ್ಲ. ಅದರ ಇಡೀ ಗಮನವನ್ನು ಈ ಕೆಲಸಕ್ಕೆಂದೇ ಕೊಂಡದ್ದು.

1971ರ ಹೊತ್ತಿಗೆ ಲೆಕ್ಕ ತಲೆಕೆಳಗಾಯಿತು. ಬೆಲ್ ಅವರ ಸರ್ಕೀಟನ್ನು ಡಿಇಸಿ ಒಂದೇ ಚಿಪ್ಪಿಗೆ ಇಳಿಸಿತ್ತು. ಆಗಷ್ಟೇ ಹುಟ್ಟಿದ್ದ ವೆಸ್ಟರ್ನ್ ಡಿಜಿಟಲ್ ಕಂಪನಿ (ಹೌದು, ಇವತ್ತು ಹಾರ್ಡ್ ಡಿಸ್ಕ್ ಮಾರುವುದು ಅದೇ) ಅದನ್ನು ಟಿಆರ್1402ಎ ಎಂಬ ಹೆಸರಿನಲ್ಲಿ ಎಲ್ಲರಿಗೂ ಮಾರಾಟಕ್ಕೆ ತಂದಿತು. ಈ ಬಗೆಯ ಚಿಪ್ಪಿಗೆ ಯುಎಆರ್‌ಟಿ ಎಂದು ಹೆಸರು. ಪ್ರೊಸೆಸರ್ ಅದಕ್ಕೆ ಒಂದು ಬೈಟ್ ಕೊಟ್ಟು ತನ್ನ ಕೆಲಸಕ್ಕೆ ಹೋಗಬಹುದು. ಸ್ಟಾರ್ಟ್ ಬಿಟ್ ಹಾಕುವುದು, ಮಾತ್ರೆ ಎಣಿಸುವುದು, ಸ್ಟಾಪ್ ಬಿಟ್ ಸೇರಿಸುವುದು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಕ್ರಮ್ ತಂದೆ-ಮಗನ ಕ್ಲಚ್ಚು, ದಂಡಗಳೆಲ್ಲ 40 ಕಾಲಿನ ಒಂದು ಪ್ಲಾಸ್ಟಿಕ್ ತುಂಡಿನೊಳಗೆ ಸೇರಿಕೊಂಡವು. ಇನ್ನು ವೇಷದ ಅಗತ್ಯ ಮುಗಿಯಿತು ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಮನೆ ಕಂಪ್ಯೂಟರಿನ ಕಾಲ ಬಂತು. ಅಲ್ಲಿ ಒಂದೊಂದು ಚಿಪ್ಪಿಗೂ ಲೆಕ್ಕ.

ಈಗ ಕಮಡೋರ್ ಕಥೆ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ವೇಷದ ಬೆಲೆ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ.

ಕಮಡೋರ್ ಕಂಪನಿಯ ಮೊದಲ ಕಂಪ್ಯೂಟರ್ ಪೆಟ್, ಡಿಸ್ಕ್ ಡ್ರೈವಿನ ಜೊತೆ ಮಾತಾಡುತ್ತಿದ್ದದ್ದು ದಪ್ಪ ಕೇಬಲ್ಲಿನ ಮೂಲಕ, ಒಂದು ಸಲಕ್ಕೆ ಎಂಟು ಬಿಟ್. ಆ ಕೇಬಲ್ ದುಬಾರಿ. ಹೊಸ ಅಗ್ಗದ ಯಂತ್ರ ವಿಕ್-20 ಮಾಡುವಾಗ ಅದನ್ನು ಬಿಟ್ಟು, ಬಿಟ್ಟುಗಳನ್ನು ಒಂದೊಂದಾಗಿ ಕಳಿಸುವ ತೆಳು ಕೇಬಲ್ಲಿಗೆ ಬದಲಾಯಿಸಿದರು. ಕೆಲಸಕ್ಕೆ ತಕ್ಕ ಹಾರ್ಡ್‌ವೇರ್ ಅವರ ಬಳಿಯೇ ಇತ್ತು. ಮಾಸ್ ಟೆಕ್ನಾಲಜಿ ಎಂಬ ಚಿಪ್ ಕಂಪನಿಯನ್ನು ಅವರು 1976ರಲ್ಲೇ ಕೊಂಡಿದ್ದರು. ಆ ಕಂಪನಿಯ 6522 ಚಿಪ್ಪಿನೊಳಗೆ ಬಿಟ್ಟುಗಳನ್ನು ಸಾಲಾಗಿ ತಳ್ಳುವ ಶಿಫ್ಟ್ ರಿಜಿಸ್ಟರ್ ಇತ್ತು. ಪ್ರೊಸೆಸರ್ ಬೈಟ್ ಇಟ್ಟರೆ ಸಾಕು, ಮಿಕ್ಕದ್ದು ಅದರ ಪಾಲು.

ಆದರೆ ಆ ರಿಜಿಸ್ಟರಿನಲ್ಲಿ ಒಂದು ಹುಳುಕಿತ್ತು. ಹೊರಗಿನ ಗಡಿಯಾರದ ಮಿಡಿತವೂ ಚಿಪ್ಪಿನ ಸ್ವಂತ ಗಡಿಯಾರದ ಮಿಡಿತವೂ ಕೆಲವೇ ನ್ಯಾನೋಸೆಕೆಂಡಿನ ಅಂತರದಲ್ಲಿ ಎದುರಾದರೆ ಒಂದು ಬಿಟ್ ತಪ್ಪಿಹೋಗುತ್ತಿತ್ತು. ದಿನಕ್ಕೊಮ್ಮೆಯಾದರೂ ಡಿಸ್ಕಿನಲ್ಲಿರುವ ಪ್ರೋಗ್ರಾಮ್ ಕೆಡಲು ಅಷ್ಟು ಸಾಕು. ಯಂತ್ರ ಮಾರುಕಟ್ಟೆಗೆ ಹೊರಡುವ ಹೊತ್ತು. ಶಿಫ್ಟ್ ರಿಜಿಸ್ಟರನ್ನು ಮುಟ್ಟದೆ ಅದರ ಕೆಲಸವನ್ನೆಲ್ಲ ಪ್ರೊಸೆಸರಿನ ಪ್ರೋಗ್ರಾಮಿಗೆ ಒಪ್ಪಿಸಿದರು. ಗಡಿಯಾರದ ತಂತಿಯನ್ನು ಎತ್ತುವುದು, ಇಳಿಸುವುದು, ದತ್ತಾಂಶದ ತಂತಿಯನ್ನು ನೋಡುವುದು ಎಲ್ಲ ಕೈಕೆಲಸ. ಜಿಮ್ ಬಟರ್‌ಫೀಲ್ಡ್ 1983ರಲ್ಲಿ ‘ಕಂಪ್ಯೂಟ್!’ ಪತ್ರಿಕೆಯಲ್ಲಿ ಈ ಬಸ್ ಹೇಗೆ ನಡೆಯುತ್ತದೆಂದು ಬಿಡಿಸಿ ಬರೆದರು.

1982ರಲ್ಲಿ ಬಂದ ಕಮಡೋರ್ 64ರಲ್ಲಿ ಹೊಸ ಚಿಪ್ ಇತ್ತು, ಆ ಹುಳುಕು ಇರಲಿಲ್ಲ. ಆದರೂ ಹಳೆಯ ಡ್ರೈವುಗಳ ಜೊತೆ ಹೊಂದಬೇಕೆಂದು ಹಳೆಯ ವೇಷವನ್ನೇ ಮುಂದುವರಿಸಿದರು. ಅದರ ಮೇಲೆ ಹೊಸದೊಂದು ಅಡ್ಡಿ. 64ರ ಚಿತ್ರ ಮೂಡಿಸುವ ಚಿಪ್ ಪರದೆಯ ಪ್ರತಿ ಎಂಟನೆಯ ಗೆರೆಗೆ ಒಮ್ಮೆ ಅಕ್ಷರಗಳನ್ನು ಓದಲೆಂದು ಮೆಮೊರಿಯನ್ನು ತನ್ನ ವಶಕ್ಕೆ ತೆಗೆದುಕೊಂಡು ಪ್ರೊಸೆಸರನ್ನು ಸುಮಾರು 40 ಮೈಕ್ರೋಸೆಕೆಂಡ್ ಸ್ತಬ್ಧ ನಿಲ್ಲಿಸುತ್ತಿತ್ತು. ಮಾತ್ರೆ ಎಣಿಸುತ್ತಿರುವವನ ಬಾಯಿ ಮುಚ್ಚಿದ ಹಾಗೆ. ಹಾಗಾಗಿ ಮೊದಲು 20 ಮೈಕ್ರೋಸೆಕೆಂಡ್ ಹಿಡಿದಿಟ್ಟರೆ ಸಾಕಾಗಿದ್ದ ಒಂದೊಂದು ಬಿಟ್ಟನ್ನೂ 60 ಮೈಕ್ರೋಸೆಕೆಂಡ್ ಹಿಡಿಯಬೇಕಾಯಿತು. ವಿಕ್-20ರ 1540 ಡ್ರೈವ್ 64ಕ್ಕೆ ಸರಿಹೋಗದೆ, ನಿಧಾನಗೊಳಿಸಿದ 1541 ಬಂದದ್ದು ಇದೇ ಕಾರಣಕ್ಕೆ.

ಪರಿಣಾಮ ಏನು ಗೊತ್ತೇ? ಡಿಸ್ಕ್ ಸೆಕೆಂಡಿಗೆ ಐದು ಸುತ್ತು ತಿರುಗುತ್ತದೆ. ಒಂದು ಸುತ್ತಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬೈಟ್ ಓದುವ ತಲೆಯ ಕೆಳಗೆ ಹಾದುಹೋಗುತ್ತವೆ. ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ದಾಟಿದ ಅಷ್ಟನ್ನು ತಂತಿಯ ಮೇಲೆ ಸಾಗಿಸಲು ಹತ್ತು ಸೆಕೆಂಡ್ ಬೇಕು. ವೇಗ ಸೆಕೆಂಡಿಗೆ ಮುನ್ನೂರು ನಾಲ್ಕುನೂರು ಬೈಟ್ ಅಷ್ಟೇ. ದೊಡ್ಡ ಆಟವೊಂದು ತೆರೆದುಕೊಳ್ಳಲು ಎರಡು ನಿಮಿಷ. ಕಮಡೋರ್ 64 ಕೋಟಿಗೂ ಹೆಚ್ಚು ಮಾರಾಟವಾಯಿತು. ಅಷ್ಟು ಮನೆಗಳ ಮಕ್ಕಳು ಡ್ರೈವಿನ ಕೆಂಪು ದೀಪ ನೋಡುತ್ತ ಕಾದ ಹೊತ್ತನ್ನೆಲ್ಲ ಕೂಡಿಸಿದರೆ, ಒಂದು ಚಿಪ್ಪಿನ ಹುಳುಕನ್ನು ಸರಿಮಾಡಲು ಎಂಜಿನಿಯರಿಗೆ ಬೇಕಾಗಿದ್ದ ತಿಂಗಳುಗಳು ಏನೂ ಅಲ್ಲ. ಆದರೆ ಆ ಕಾಯುವಿಕೆ ಕಂಪನಿಯ ಯಾವ ಖಾತೆಗೂ ಬರುವುದಿಲ್ಲವಲ್ಲ.

ಬೇರೆಯವರ ಖಾತೆಗೆ ಬಂತು. 1984ರಲ್ಲಿ ಎಪಿಕ್ಸ್ ಕಂಪನಿ ‘ಫಾಸ್ಟ್ ಲೋಡ್’ ಎಂಬ ಕಾರ್ಟ್ರಿಜ್ ಮಾರಿತು. ಹಿಂಬದಿಗೆ ಸಿಕ್ಕಿಸಿದರೆ ಲೋಡ್ ಆಗುವ ವೇಗ ಸುಮಾರು ಐದು ಪಟ್ಟು. ಅಂಥವು ಇನ್ನೂ ಹಲವು ಬಂದವು. ಇವುಗಳ ಗುಟ್ಟು ಸೊಗಸಾಗಿದೆ. 1541 ಡ್ರೈವಿನೊಳಗೂ ಒಂದು 6502 ಪ್ರೊಸೆಸರ್, 2 ಕಿಲೋಬೈಟ್ ಮೆಮೊರಿ ಇತ್ತು. ಡ್ರೈವೂ ಒಂದು ಕಂಪ್ಯೂಟರೇ. ಫಾಸ್ಟ್ ಲೋಡರ್ ಮೊದಲು ತನ್ನದೇ ಪ್ರೋಗ್ರಾಮನ್ನು ಡ್ರೈವಿನ ಮೆಮೊರಿಗೆ ಕಳಿಸಿ ಅಲ್ಲಿ ಓಡಿಸುತ್ತಿತ್ತು. ಆಮೇಲೆ ಇಬ್ಬರೂ ಸೇರಿ ಕಂಪನಿಯ ಹಳೆಯ ಒಪ್ಪಂದ ಬಿಟ್ಟು ಹೊಸ ಒಪ್ಪಂದಕ್ಕೆ ಬರುತ್ತಿದ್ದರು. ಗಡಿಯಾರದ ತಂತಿಯನ್ನೂ ದತ್ತಾಂಶಕ್ಕೇ ಬಳಸಿ ಒಂದು ಸಲಕ್ಕೆ ಎರಡು ಬಿಟ್. ಒಂದೊಂದು ಬಿಟ್ಟಿಗೂ ‘ಸಿಕ್ಕಿತೇ, ಸಿಕ್ಕಿತು’ ಎಂಬ ಉಪಚಾರ ಇಲ್ಲ. ಬೈಟಿನ ಮೊದಲಿಗೆ ಒಮ್ಮೆ ಕೈ ಕುಲುಕಿ, ಆಮೇಲೆ ನಾಲ್ಕು ಜೋಡಿ ಬಿಟ್ಟುಗಳನ್ನು ಬರೀ ಎಣಿಕೆಯ ಮೇಲೆ ಓದುವುದು. ಚಿತ್ರದ ಚಿಪ್ ಎಣಿಕೆ ಕೆಡಿಸದಿರಲೆಂದು ಎಷ್ಟೋ ಲೋಡರುಗಳು ಪರದೆಯನ್ನೇ ಆರಿಸಿಬಿಡುತ್ತಿದ್ದವು.

ಡ್ರೈವಿನ ಗಡಿಯಾರ ಸರಿಯಾಗಿ 1 ಮೆಗಾಹರ್ಟ್ಸ್. ಕಂಪ್ಯೂಟರಿನದು ಯುರೋಪಿನಲ್ಲಿ 0.985, ಅಮೆರಿಕದಲ್ಲಿ 1.023. ಎರಡಕ್ಕೂ ಶೇಕಡಾ ಎರಡರಷ್ಟು ಹೊಂದಿಕೆಯಿಲ್ಲ. ಆದರೂ ಒಂದು ಬೈಟ್ ಮುಗಿಯುವಷ್ಟು ಹೊತ್ತು ಹೇಗೋ ನಡೆಯುತ್ತದೆ, ಆಮೇಲೆ ಮತ್ತೆ ಹೊಸದಾಗಿ ಶುರು. ಕ್ರಮ್ ತಂದೆ-ಮಗ ಕಂಡುಕೊಂಡ ಉಪಾಯವನ್ನೇ ಎಪ್ಪತ್ತು ವರ್ಷದ ಮೇಲೆ ಇವರು ಅದೇ ಅಂಚಿನ ಮೇಲೆ ಮತ್ತೆ ಕಟ್ಟಿದ್ದರು. ಕಮಡೋರ್ ತಾನೇ ಶಿಫ್ಟ್ ರಿಜಿಸ್ಟರನ್ನು ಕೆಲಸಕ್ಕೆ ಹಚ್ಚಿದ್ದು 1985ರ ಕಮಡೋರ್ 128 ಮತ್ತು 1571 ಡ್ರೈವಿನಲ್ಲಿ. ಅಷ್ಟರಲ್ಲಿ ಕಾಯಬೇಕಾದವರೆಲ್ಲ ಕಾದಾಗಿತ್ತು.

ಪ್ರೊಸೆಸರ್, ಮೆಮೊರಿ, ಪಿನ್ನುಗಳೆಲ್ಲ ಒಂದೇ ಚಿಪ್ಪಿನಲ್ಲಿರುವ ಮೈಕ್ರೋಕಂಟ್ರೋಲರುಗಳ ಲೋಕದಲ್ಲೂ ಇದೇ ತೂಗುಯ್ಯಾಲೆ. ಇಂಟೆಲ್‌ನ 1976ರ 8048ರಲ್ಲಿ ಯುಎಆರ್‌ಟಿ ಇರಲಿಲ್ಲ, 1980ರ 8051ರಲ್ಲಿ ಬಂತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ 8051 ಮುಟ್ಟಿದವರಿಗೆ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಸಂಖ್ಯೆ ಮರೆತಿರಲಾರದು. ಅದನ್ನು 12ರಿಂದ, 32ರಿಂದ, 3ರಿಂದ ಭಾಗಿಸಿದರೆ ಸರಿಯಾಗಿ 9600 ಬರುತ್ತದೆ. ಸೀರಿಯಲ್ ತಂತಿಯ ಲಯ ತಪ್ಪದಿರಲೆಂದು ಇಡೀ ಚಿಪ್ಪಿನ ಎದೆಬಡಿತವನ್ನೇ ಅದಕ್ಕೆ ಹೊಂದಿಸಿದ್ದು.

1990ರ ದಶಕದಲ್ಲಿ ಅಗ್ಗದ ಕೆಲಸಕ್ಕೆಲ್ಲ ಹರಡಿದ ಪಿಐಸಿ 16ಸಿ54 ಇನ್ನೂ ಬಡ ಚಿಪ್. 512 ಆಣತಿಗಳಷ್ಟು ಜಾಗ, ಇಂಟರಪ್ಟ್ ಇಲ್ಲ, ಯುಎಆರ್‌ಟಿ ಇಲ್ಲ. ಆದರೆ ವೇಷಕ್ಕೆ ಬೇಕಾದ ಒಂದು ಗುಣ ಅದಕ್ಕಿತ್ತು: 4 ಮೆಗಾಹರ್ಟ್ಸ್ ಗಡಿಯಾರದಲ್ಲಿ ಪ್ರತಿ ಆಣತಿಗೂ ಸರಿಯಾಗಿ 1 ಮೈಕ್ರೋಸೆಕೆಂಡ್, ಬೇರೆಡೆಗೆ ಹಾರುವ ಆಣತಿಗೆ 2. ಲಘು, ಗುರು! ಸೆಕೆಂಡಿಗೆ 9600 ಬಿಟ್ ಎಂದರೆ ಬಿಟ್ಟಿಗೆ 104 ಮೈಕ್ರೋಸೆಕೆಂಡ್, ಅಂದರೆ 104 ಮಾತ್ರೆಯ ಸಾಲು. ಬಿಟ್ ಒಂದಾಗಿದ್ದರೆ ಒಂದು ದಾರಿ, ಸೊನ್ನೆಯಾಗಿದ್ದರೆ ಇನ್ನೊಂದು. ಎರಡು ದಾರಿಯ ಉದ್ದವೂ ಒಂದೇ ಆಗಬೇಕು. ಕಮ್ಮಿ ಬಿದ್ದಲ್ಲಿ ‘ನಾಪ್’ ಎಂಬ, ಏನೂ ಮಾಡದ ಆಣತಿಯನ್ನು ತುಂಬುತ್ತಾರೆ. ಅರ್ಥಕ್ಕೆ ಬೇಡದ, ಮಾತ್ರೆ ತುಂಬಲಷ್ಟೇ ಬಂದ ಪದಕ್ಕೆ ನಮ್ಮವರು ಪಾದಪೂರಣ ಎನ್ನುತ್ತಿದ್ದರು. ‘ನಾಪ್’ಗೆ ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಸಿಕ್ಕಿಲ್ಲ. 1992ರಲ್ಲಿ ಪ್ಯಾರಲಾಕ್ಸ್ ಕಂಪನಿ ಹೊರತಂದ ಬೇಸಿಕ್ ಸ್ಟ್ಯಾಂಪ್ ಎಂಬ ಅಂಚೆಚೀಟಿ ಗಾತ್ರದ ಕಂಪ್ಯೂಟರಿನೊಳಗೆ ಇದೇ ಕುಟುಂಬದ ಚಿಪ್, ಇದೇ ಬಗೆಯ ಎಣಿಕೆ ಇತ್ತು. ಕೆಲವು ವರ್ಷದ ಮೇಲೆ ಸೀನಿಕ್ಸ್ ಎಂಬ ಕಂಪನಿ ಇದನ್ನೇ ತತ್ವ ಮಾಡಿಕೊಂಡು, ಅದೇ ಮಾದರಿಯ ಎಸ್‌ಎಕ್ಸ್ ಚಿಪ್ಪನ್ನು ಸೆಕೆಂಡಿಗೆ ಐದು ಕೋಟಿ ಆಣತಿಯ ವೇಗಕ್ಕೆ ಏರಿಸಿ, ಹೊರಾಂಗಗಳೆಲ್ಲ ಸಾಫ್ಟ್‌ವೇರಿನಲ್ಲೇ ಇರಲಿ ಎಂದು ಮಾರಿತು. ಬಹಳ ಕಾಲ ಬಾಳಲಿಲ್ಲ. ಸಿದ್ಧ ಯುಎಆರ್‌ಟಿ ಇರುವ ಚಿಪ್ಪೇ ಅಗ್ಗವಾದಾಗ ಎಣಿಸುವವರ ಶ್ರಮ ಯಾರಿಗೆ ಬೇಕು?

ಆದರೂ ಚಿಪ್ಪಿನಲ್ಲಿ ಇರುವುದಕ್ಕಿಂತ ಒಂದು ಹೆಚ್ಚು ಬೇಕಾಗುವುದು ತಪ್ಪುವುದಿಲ್ಲ. ಆರ್ಡುಯಿನೊ ಉನೋ ಬೋರ್ಡಿನಲ್ಲಿ ಯುಎಆರ್‌ಟಿ ಇರುವುದು ಒಂದೇ, ಅದೂ ಕಂಪ್ಯೂಟರಿನ ಜೊತೆ ಮಾತಿಗೆ ಮೀಸಲು. ಜಿಪಿಎಸ್ಸೋ ಜಿಎಸ್‌ಎಮ್ಮೋ ಜೋಡಿಸುವ ವಿದ್ಯಾರ್ಥಿಗಳು ‘ಸಾಫ್ಟ್‌ವೇರ್ ಸೀರಿಯಲ್’ ಲೈಬ್ರರಿಯನ್ನು ಕರೆಯುತ್ತಾರೆ. ಇವತ್ತಿನ ಅದರ ರೂಪ ಮೈಕಲ್ ಹಾರ್ಟ್ ಬರೆದದ್ದು. 2011ರ ಕೊನೆಗೆ ಆರ್ಡುಯಿನೊ 1.0 ಜೊತೆ ಬಂತು. ಸ್ಟಾರ್ಟ್ ಬಿಟ್ ಕಂಡೊಡನೆ ಅದು ಬೇರೆ ಎಲ್ಲ ಇಂಟರಪ್ಟುಗಳ ಬಾಗಿಲು ಹಾಕಿ, ಬೈಟ್ ಮುಗಿಯುವವರೆಗೆ ಕೂತು ಎಣಿಸುತ್ತದೆ. 9600ರ ವೇಗದಲ್ಲಿ ಸುಮಾರು ಒಂದು ಮಿಲಿಸೆಕೆಂಡ್. ಎರಡು ಪೋರ್ಟ್ ತೆರೆದರೂ ಒಂದು ಹೊತ್ತಿಗೆ ಒಂದಕ್ಕೇ ಕಿವಿ. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಬಂದದ್ದು ಗಾಳಿಗೆ ಹೋಯಿತು. ಪ್ರಾಜೆಕ್ಟಿನ ಡೆಮೊ ದಿನ ಹಾಜರಾಗುವ ಎಷ್ಟೋ ‘ಅರ್ಥವಾಗದ’ ದೋಷಗಳ ಬೇರು ಇಲ್ಲೇ ಇರುತ್ತದೆ.

ಇನ್ನು ಮೊದಲು ಹೇಳಿದ ಎಟಿಮೆಗಾ8. ಅದರೊಳಗಿನ ಯುಎಸ್‌ಬಿ ವೇಷ ವಿಯೆನ್ನಾದ ಆಬ್ಜೆಕ್ಟಿವ್ ಡೆವಲಪ್‌ಮೆಂಟ್ ಎಂಬ ಸಣ್ಣ ಕಂಪನಿಯದು, ಹೆಸರು ವಿ-ಯುಎಸ್‌ಬಿ. ಯುಎಸ್‌ಬಿಯ ಅತಿ ನಿಧಾನದ ಬಗೆಯೂ ಸೆಕೆಂಡಿಗೆ 15 ಲಕ್ಷ ಬಿಟ್. ಚಿಪ್ಪಿನ ಗಡಿಯಾರ 12 ಮೆಗಾಹರ್ಟ್ಸ್. ಅಂದರೆ ಒಂದು ಬಿಟ್ಟಿಗೆ ಬರೀ 8 ಮಾತ್ರೆ. ಪಿಡಿಪಿ-8ಕ್ಕೆ ಆರು ಸಾವಿರ ಸಿಕ್ಕಿತ್ತು, ಪಿಐಸಿಗೆ ನೂರನಾಲ್ಕು, ಇಲ್ಲಿ ಎಂಟು! ಅಷ್ಟರೊಳಗೆ ತಂತಿ ನೋಡಬೇಕು, ಹಿಂದಿನ ಸ್ಥಿತಿಗೆ ಹೋಲಿಸಿ ಬಿಟ್ ಯಾವುದೆಂದು ನಿರ್ಧರಿಸಬೇಕು, ಸಾಲಾಗಿ ಆರು ಒಂದು ಬಂದ ಮೇಲೆ ನಿಯಮದಂತೆ ತುರುಕಿದ ಸೊನ್ನೆಯನ್ನು ಗುರುತಿಸಿ ಬಿಸಾಡಬೇಕು, ಎಂಟು ಬಿಟ್ ತುಂಬಿದಾಗ ಬೈಟನ್ನು ಮೆಮೊರಿಗೆ ಹಾಕಬೇಕು. ಬಂದ ಸಂದೇಶ ಕೆಟ್ಟಿದೆಯೇ ಎಂದು ಲೆಕ್ಕ ಹಾಕಿ ನೋಡಲು ಮಾತ್ರೆ ಉಳಿಯುವುದಿಲ್ಲ, ಅದನ್ನು ಬಿಟ್ಟೇಬಿಟ್ಟಿದ್ದಾರೆ. ಆ ತಪಾಸಣೆ ಬೇಕೆಂದರೆ 18 ಮೆಗಾಹರ್ಟ್ಸ್ ಆವೃತ್ತಿಯೇ ಆಗಬೇಕು. ಇಲ್ಲಿ ಬೆಲೆ ತೆತ್ತದ್ದು ಖಾತರಿ. ಅಗ್ಗದ ಪ್ರೋಗ್ರಾಮರಿಗೆ ಅದು ಸಾಕು, ಆಸ್ಪತ್ರೆಯ ಯಂತ್ರಕ್ಕೆ ನಾನಂತೂ ಒಪ್ಪಲಾರೆ.

2021ರ ಜನವರಿಯಲ್ಲಿ ರಾಸ್ಪ್‌ಬೆರಿ ಪೈ ಸಂಸ್ಥೆ ಆರ್‌ಪಿ2040 ಎಂಬ ಚಿಪ್ ತಂದಿತು. ಎರಡು ಪ್ರೊಸೆಸರುಗಳ ಪಕ್ಕದಲ್ಲಿ ಎಂಟು ಪುಟ್ಟ ಯಂತ್ರಗಳನ್ನೂ ಇಟ್ಟರು; ಪಿನ್ನು ಎತ್ತುವುದು, ಇಳಿಸುವುದು, ನೋಡುವುದು, ಎಣಿಸುವುದು ಬಿಟ್ಟರೆ ಅವಕ್ಕೆ ಹೆಚ್ಚೇನೂ ಬಾರದು. ನಾಲ್ಕು ನಾಲ್ಕು ಯಂತ್ರಕ್ಕೆ 32 ಆಣತಿಯ ಒಂದೊಂದು ಜಾಗ. ಮುಖ್ಯ ಪ್ರೊಸೆಸರಿನ ಗಮನ ಬೇಡದೆ, ಯಾರ ಇಂಟರಪ್ಟಿಗೂ ಜಗ್ಗದೆ ಅವು ತಮ್ಮ ಪಾಡಿಗೆ ಮಾತ್ರೆ ಎಣಿಸುತ್ತವೆ. ವೇಷಧಾರಿಗೆ ಪ್ರತ್ಯೇಕ ಚೌಕಿಮನೆ ಕಟ್ಟಿಕೊಟ್ಟಂತೆ. ಚಿಪ್ಪಿನ ಜೊತೆ ಕೊಡುವ ಉದಾಹರಣೆಗಳಲ್ಲಿ ಯುಎಆರ್‌ಟಿಯ ಕಳಿಸುವ ಅರ್ಧವೂ ಇದೆ. ಬಿಟ್ಟಿಗೆ ಎಂಟೇ ಮಾತ್ರೆ, ಪ್ರೋಗ್ರಾಮಿನ ಉದ್ದ ನಾಲ್ಕು ಆಣತಿ. ಒಂದು ಬೈಟ್ ಬರುವವರೆಗೆ ತಂತಿ ಎತ್ತಿ ಹಿಡಿದು ಕಾಯುವುದು, ಬಂದೊಡನೆ ಸ್ಟಾರ್ಟ್ ಬಿಟ್ಟಿಗೆ ತಂತಿ ಇಳಿಸಿ ಎಂಟಕ್ಕೆ ಎಣಿಕೆ ಇಡುವುದು, ಒಂದು ಬಿಟ್ ಹೊರಗೆ ತಳ್ಳುವುದು, ಎಣಿಕೆ ಮುಗಿಯುವವರೆಗೆ ಹಿಂದಕ್ಕೆ ಹಾರುವುದು. ಅದರಲ್ಲಿ ಪಾದಪೂರಣಕ್ಕೂ ಬೇರೆ ಆಣತಿ ಬೇಕಿಲ್ಲ. ಎಷ್ಟು ಮಾತ್ರೆ ಸುಮ್ಮನಿರಬೇಕೆಂಬುದನ್ನು ಆಣತಿಯ ಬಾಲಕ್ಕೇ ಬರೆದಿಡಬಹುದು.